ನಾಲ್ಕು ಚಕ್ರಕ್ಕೆ ನಾಲ್ಕು ಗುಂಡಿ

ಹರಮಲದ ಕಡಲ ದಂಡೆಯಲ್ಲಿ ವಿದೇಶಿಯರು ಮನೆಯಂಥ ವ್ಯಾನುಗಳಲ್ಲೇ ಅಡುಗೆ ಮಾಡಿಕೊಂಡು, ಅಲ್ಲೇ ಮಲಗುವುದನ್ನು ಕಂಡಂದಿನಿಂದ ನನ್ನ ಹೆಂಡತಿಗೆ ಅದೇ ಧ್ಯಾನ. "ನಾವೂ ಒಮ್ಮೆ ಹಂಗ ಹೋಗೂಣ್ರಿ." ಅವಳ ತಮ್ಮನ ಹತ್ತಿರ ಹಳೆಯದೊಂದು ವ್ಯಾನಿತ್ತು. ವೆರ್ಣಾದ ಕಾರ್ಖಾನೆಗಳಿಗೆ ಕೆಲಸಗಾರರನ್ನು ಅದರಲ್ಲಿ ಒಯ್ದು ಬಿಟ್ಟು ಅವನ ಸಂಸಾರ ನಡೆಯುತ್ತಿತ್ತು.

"ಸೋಮವಾರ ಮುಂಜಾನಿ ಪಾಳಿಗೆ ಗಾಡಿ ಬೇಕ್ರಿ ಮಾಮಾ. ಅದು ನಿಂತ್ರ ನಮ್ಮನಿ ಒಲಿ ನಿಂತಂಗ," ಎಂದು ನಗುತ್ತ ಕೀಲಿ ಕೊಟ್ಟ. ನನಗೆ ನಗು ಬರಲಿಲ್ಲ.

ಶನಿವಾರ ಹಿಂದಿನ ಸೀಟು ಬಿಚ್ಚಿ ಹಲಗೆ ಹಾಕಿದೆವು. ಅದರ ಮೇಲೆ ನವಲಗುಂದದ ಜಮಖಾನೆ, ಅವಳ ಅವ್ವ ಮದುವೆಯಲ್ಲಿ ಕೊಟ್ಟದ್ದು. ಸ್ಟೋವು, ನೀರಿನ ಕ್ಯಾನು, ರೊಟ್ಟಿಯ ಗಂಟು ಅವಳ ಪಾಲು. ಹಗ್ಗ, ಎರಡು ಬ್ಯಾಟರಿ, ವಾಂತಿ ಭೇದಿಯ ಮಾತ್ರೆ ನನ್ನ ಪಾಲು.

ಶಿವೋಲಿ ಸೇತುವೆ ದಾಟಿದ ಮೇಲೆ ನೆಲ ಸಪಾಟಾಯಿತು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತೆಂಗಿನ ಸಂದಿಯಲ್ಲಿ ಕಡಲು. ಅವಳು ಕಡಲು ನೋಡುತ್ತಿದ್ದಳು, ನಾನು ಎಂಜಿನ್ ಆಲಿಸುತ್ತಿದ್ದೆ.

"ಸದ್ದು ಬದ್ಲಾತಲ್ಲ?"

"ನಿಮ್ಮ ಕಿವಿ ಬದ್ಲಿ ಮಾಡಸ್ರಿ."

ಕೇರಿ ಎಂಬ ಊರಿನ ದಂಡೆಯಲ್ಲಿ ಗಾಳಿಮರಗಳ ಆಚೆಗೆ ಗಾರೆ ನೆಲದಂತೆ ಗಟ್ಟಿಯಾದ ಹಸಿ ಮರಳು. ಕಡಲಿಗೆ ಮುಖ ಮಾಡಿ ಚಹಾ ಕುಡಿಯಬೇಕೆಂದು ಅವಳ ಆಸೆ. ನೀರು ಬಹಳ ದೂರವಿತ್ತು. ನನ್ನ ಚಿಂತೆಯೇ ಬೇರೆ. ನಮ್ಮ ಮನೆ ಇರುವುದು ಸಡಾದ ಗುಡ್ಡದ ಮೇಲೆ. ಅಲ್ಲಿ ಗಾಡಿ ನಿಲ್ಲಿಸಿದವನು ಚಕ್ರಕ್ಕೆ ಕಲ್ಲು ಕೊಡದೆ ಮನೆಯೊಳಗೆ ಹೋಗುವುದಿಲ್ಲ. ಇಲ್ಲಿ ಒಂದು ಕಲ್ಲೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ, ಗೇರಿನಲ್ಲಿಟ್ಟೆ. ಸಮಾಧಾನವಾಗಲಿಲ್ಲ. ಪಾತ್ರೆಯ ಮುಚ್ಚಳದಿಂದ ನಾಲ್ಕು ಗುಂಡಿ ತೋಡಿ, ನಾಲ್ಕೂ ಚಕ್ರಗಳನ್ನು ಅವುಗಳಲ್ಲಿ ಇಳಿಸಿದೆ.

"ಏನ್ ಮಾಡಾಕತ್ತೀರಿ?"

"ಉರುಳಬಾರ್ದಲ್ಲ."

ಚಹಾ ಕುದಿಯುವ ಹೊತ್ತಿಗೆ ಒಂದು ತೆರೆ ಬಂದು ಮುಂದಿನ ಚಕ್ರ ನೆಕ್ಕಿ ಹೋಯಿತು. ಎರಡನೆಯ ತೆರೆಯ ನೀರು ಹಿಂದೆ ಹೋಗಲಿಲ್ಲ, ಗುಂಡಿಯಲ್ಲೇ ನಿಂತಿತು. ಹಾರಿ ಕೂತು ರಿವರ್ಸ್ ಹಾಕಿದೆ. ಹಿಂದಿನ ಚಕ್ರಗಳು ಗಿರಗಿರ ತಿರುಗಿ ಇನ್ನಷ್ಟು ಕುಸಿದವು.

ಮಣಿಸರ ಮಾರುವ ಹೆಂಗಸೊಬ್ಬಳು ನಮ್ಮದು ತನ್ನ ಕಡೆಯ ಮಾತೆಂದು ಕೇಳಿ ನಿಂತಳು. "ಗಾಡಿಗೆ ನೀರ್ ಕುಡಸಾಕತ್ತೀರೇನ್ರಿ ಯಜಮಾನ್ರ? ಭರ್ತಿ ಶುರು ಆಗೈತ್ರಿ, ಇನ್ನೂ ಏರ್ತೈತಿ."

ಉಬ್ಬರ. ಅಡುಗೆ ಎಣ್ಣೆ ಚೆಲ್ಲುವುದರಿಂದ ಹಿಡಿದು ನಾಯಿ ಕಚ್ಚುವತನಕ ಎಲ್ಲ ಚಿಂತೆಯನ್ನೂ ನಾನು ಮುಗಿಸಿಕೊಂಡೇ ಬಂದಿದ್ದೆ. ಇದೊಂದು ತಲೆಗೆ ಹೊಳೆದಿರಲಿಲ್ಲ. ಹಗ್ಗವೇನೋ ಇತ್ತು, ಎಳೆಯಲು ಇನ್ನೊಂದು ಗಾಡಿ ಇರಲಿಲ್ಲ. ಆ ವ್ಯಾನಿನ ಎಂಜಿನ್ ಇರುವುದು ನಮ್ಮ ಸೀಟಿನ ಕೆಳಗೆ. ನೀರು ಅಲ್ಲಿಗೆ ಏರಿದರೆ ಸೋಮವಾರವಿಲ್ಲ.

ಹೆಂಡತಿ ಹಲಗೆಯ ಮೇಲಿಂದ ಜಮಖಾನೆ ಎಳೆದಳು.

"ಏ, ಅದು ನಿಮ್ಮವ್ವಂದು."

"ವ್ಯಾನು ನನ್ನ ತಮ್ಮಂದು. ಮೊದಲ ಮರಳು ತಗೀರಿ, ಆಮ್ಯಾಲ ಒಳಗ ಕೂಡ್ರಿ."

ಮೂವರೂ ಹಿಂದಿನ ಗುಂಡಿಗಳ ಅಂಚನ್ನು ಕೈಯಿಂದ ಬಗೆದೆವು. ಹೆಂಡತಿ ಜಮಖಾನೆಯನ್ನು ಅಡ್ಡ ಹಾಸಿ ಎರಡೂ ಚಕ್ರಗಳ ಹಿಂದೆ ತುರುಕಿದಳು. ನಾನು ಒಳಗೆ ಕೂತೆ. ಮೊಣಕಾಲಮಟ್ಟದ ನೀರಲ್ಲಿ ಇಬ್ಬರೂ ಹೆಂಗಸರು ಗಾಡಿಯ ಮೂತಿಗೆ ಭುಜ ಕೊಟ್ಟು ನಿಂತರು. ಗಾಜಿನಲ್ಲಿ ನನಗೆ ಕಂಡದ್ದು ಅವರ ತಲೆ, ಅವರ ಹಿಂದೆ ಎದ್ದು ಬರುತ್ತಿದ್ದ ಇನ್ನೊಂದು ತೆರೆ.

"ಹಗೂರ ಬಿಡ್ರಿ. ಗಡಬಡ ಮಾಡಬ್ಯಾಡ್ರಿ," ಎಂದು ಹೆಂಡತಿ ಕೂಗಿದಳು.

ಮೆಲ್ಲಗೆ ಕ್ಲಚ್ ಬಿಟ್ಟೆ. ಚಕ್ರ ಜಾರಿತು, ಆಮೇಲೆ ಏನನ್ನೋ ಕಚ್ಚಿತು. ಪರ್ ಎಂದು ಬಟ್ಟೆ ಸೀಳಿದ ಸದ್ದು. ವ್ಯಾನು ಹಿಂದಕ್ಕೆ ನೆಗೆದು ಗಾಳಿಮರದವರೆಗೂ ಓಡಿತು. ನಾನು ಗಾಬರಿಯಲ್ಲಿ ಬ್ರೇಕ್ ಮರೆತಿದ್ದೆ.

"ಚಹಾ ಐತೇನ್ರಿ, ಅದೂ ಹೋತೋ?" ಎಂದಳು ಸರದವಳು. ಚಹಾ ಕಡಲಿಗೆ ಹೋಗಿತ್ತು. ಮತ್ತೆ ಮಾಡಿ ಕೊಟ್ಟೆವು. ಜಮಖಾನೆಯಲ್ಲಿ ಎರಡು ನವಿಲುಗಳ ನಡುವೆ ಮೊಳದುದ್ದ ಹರಿದಿತ್ತು. ಹೆಂಡತಿ ಅದನ್ನು ಹಿಂಡಿ, ಹರಿದ ಕಡೆ ಒಳಗೆ ಬರುವಂತೆ ಮಡಚಿದಳು. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಅವಳ ತಮ್ಮ ಬಂದ. ನಮ್ಮ ಗೋಡೆಯ ಮೇಲೆ ಹರವಿದ್ದನ್ನು ನೋಡಿದ.

"ಅವ್ವನ ಜಮಖಾನಿ ಹರದೈತಲ್ಲಕ್ಕ?"

"ಮೊದಲ ಗಾಡಿ ಚಾಲೂ ಆಗ್ತೈತೇನ್ ನೋಡು."

ಅದು ಎರಡು ಸಲ ಕೆಮ್ಮಿತು. ಮೂರನೆಯ ಸಲ ಹತ್ತಿಕೊಂಡಿತು. ನಾನೇ ಬಗ್ಗಿ ಚಕ್ರದ ಕೆಳಗಿನ ಕಲ್ಲು ತೆಗೆದೆ. ಇಳಿಜಾರಿನ ತಿರುವು ದಾಟುವವರೆಗೂ ಕಿವಿಗೊಟ್ಟು ನಿಂತೆ. ಸದ್ದು ಸ್ವಲ್ಪ ಬದಲಾಗಿತ್ತು. ಹೆಂಡತಿಗೆ ಹೇಳಲಿಲ್ಲ.