ಎಲೆಯ ಬಣ್ಣ ಕೇಳಿದವರು

ರಾಮನಾಥಪುರದ ಹತ್ತಿರ ನಮ್ಮದು ತಂಬಾಕು ಬೆಳೆಯುವ ಮನೆ. ಎಲೆಯನ್ನು ಬಿಸಿಯಲ್ಲಿ ಒಣಗಿಸಿ ಹದ ಮಾಡುವ ಕೋಣೆ, ಬ್ಯಾರನ್ನಿಗೆ ಬೆಂಕಿ ಹಾಕಿದರೆ ಮುಗಿಯಿತು, ನಮ್ಮ ಯಜಮಾನರಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಗೋಡೆಯ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿ, ಎಲೆ ಹಸಿರು ಬಿಟ್ಟು ಹಳದಿಗೆ ತಿರುಗಿತೇ ಎಂದು ನೋಡಬೇಕು, ಅದಕ್ಕೆ ತಕ್ಕಂತೆ ಸೌದೆ ಏರಿಸಬೇಕು. ಹೊಳೆನರಸೀಪುರದಿಂದ ಬಂದ ಟೀಚರ್ ಸೊಸೆಯಾದ ನನ್ನನ್ನು ಆ ಕಿಂಡಿಯ ಹತ್ತಿರ ಯಾರೂ ಬಿಟ್ಟುಕೊಂಡವರಲ್ಲ.

ಹಾಗಿರುವಾಗ ಒಂದು ಸಂಜೆ ಯಜಮಾನರೇ ಅಡುಗೆಮನೆ ಬಾಗಿಲಿಗೆ ಬಂದರು. "ಬನ್ನಿ ಮೇಡಮ್ಮೋರೆ, ಬಣ್ಣ ತಿರುಗೈತಾ ವಸಿ ನೋಡಿ."

ನನಗೆ ಹಿಗ್ಗೋ ಹಿಗ್ಗು. ಕೊನೆಗೂ ನನ್ನ ಮಾತಿಗೆ ಬೆಲೆ ಬಂತು ಎಂದುಕೊಂಡೆ. ಅಲ್ಲಿಂದ ದಿನವೂ ಕರೆದರು, ಮರುವರ್ಷವೂ ಕರೆದರು. ಅಂಚಿನಲ್ಲಿ ಇನ್ನೂ ಹಸಿರಿದೆ, ಈ ಸಾಲು ನಿಂಬೆಹಣ್ಣಿನ ಬಣ್ಣಕ್ಕೆ ಬಂದಿದೆ ಎಂದು ನಾನು ಜಂಬದಿಂದ ಹೇಳುತ್ತಿದ್ದೆ. ಸ್ಕೂಲಿನಲ್ಲೂ ಕೊಚ್ಚಿಕೊಂಡೆ.

ಆಮೇಲೆ ಅವರು ಕೊಣನೂರಿನಲ್ಲಿ ಬಸ್ಸಿಳಿಯುವಾಗ ಮೆಟ್ಟಿಲು ಕಾಣದೆ ಬಿದ್ದರು. ಹಾಸನದ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕಣ್ಣಿನ ನರ ಒಣಗಿಹೋಗಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಹೊರಗೆ ಬೆಂಚಿನ ಮೇಲಿದ್ದ ನನ್ನ ಅತ್ತೆ ಒಂದೇ ಮಾತು ಕೇಳಿದರು. "ದಿನಾ ನಿನ್ನೇ ಕರ್ದು ನೋಡಿಸ್ತಿದ್ದ. ನಿಂಗೆ ಗೊತ್ತಿರ್ನಿಲ್ವೇನವ್ವಾ?"

ಈ ಪ್ರಶ್ನೆ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಗೊತ್ತಿತ್ತು. ಕರೆಯುತ್ತಾರೆಂದು ಗೊತ್ತಿತ್ತು. ಯಾವ ಎಲೆ ಯಾವ ಬಣ್ಣವೆಂದು ಗೊತ್ತಿತ್ತು. ಕಣ್ಣು ಚೆನ್ನಾಗಿದ್ದವರು ಇನ್ನೊಬ್ಬರ ಕಣ್ಣು ಕೇಳುವುದಿಲ್ಲ ಎಂಬುದು ನಾನು ಪಾಠ ಹೇಳುವ ಮಕ್ಕಳಿಗೂ ಗೊತ್ತು. ಎಲ್ಲ ಕೂಡಿಸಿದರೆ ಬರುವ ಉತ್ತರ ಒಂದೇ, ಒಪ್ಪುತ್ತೇನೆ. ಆದರೆ ನನಗೆ ಗೊತ್ತಿದ್ದುದೆಲ್ಲ ಎಲೆಯ ವಿಷಯ. ಅವರ ಕಣ್ಣಿನ ವಿಷಯ ನನ್ನ ತಲೆಯಲ್ಲಿ ಇನ್ನೂ ಶುರುವೇ ಆಗಿರಲಿಲ್ಲ. ಶುರುವಾಗದ ವಿಷಯದಲ್ಲಿ ಯಾರು ಏನನ್ನು ಕೂಡಿಸುತ್ತಾರೆ? ಇದನ್ನು ಅತ್ತೆಗೆ ಹೇಳುವುದು ಹೇಗೆ?

ಈಗ ಬ್ಯಾರನ್ನಿಗೆ ಬೀಗ ಹಾಕಿದ್ದೇವೆ. ಅವರು ಜಗಲಿಯಲ್ಲಿ ಬಿಸಿಲು ಬೀಳುವ ಕಡೆ ಮುಖ ಮಾಡಿ ಕೂರುತ್ತಾರೆ. ಮೊನ್ನೆ ಕಾಫಿ ಲೋಟವನ್ನು ಅವರ ಕೈಗೆ ಮುಟ್ಟಿಸುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ: "ಕಣ್ಣು ಕಾಣಲ್ಲ ಅಂತ ನನಗೊಂದು ಮಾತು ಹೇಳಬಾರದಿತ್ತೇನ್ರೀ?"

ಅವರು ನನ್ನ ದನಿ ಬಂದ ಕಡೆ ತಿರುಗಿದರು. "ದಿನಾ ಕರ್ದು ಕೇಳ್ತಿದ್ನಲ್ಲ ಕಣೆ, ಇನ್ನೆಂಗೆ ಹೇಳ್ಲಿ? ನಿಂಗೆಲ್ಲಾ ಗೊತ್ತೈತೆ, ನಾನು ನೊಂದ್ಕತೀನಿ ಅಂತ ಬಾಯ್ಬಿಡ್ತಿಲ್ಲ ಅಂದ್ಕಂಡಿದ್ದೆ."

"ನನಗೆ ಗೊತ್ತೇ ಇರಲಿಲ್ಲ ಕಣ್ರೀ," ಎಂದೆ. ಅವರು ಲೋಟವನ್ನು ತಡವಿ ಜಗಲಿಯ ಮೇಲಿಟ್ಟು, ಮೆಲ್ಲಗೆ ಕೇಳಿದರು:

"ಅಂಗಾರೆ ಅಷ್ಟು ದಿನ ನಾನೊಬ್ನೇ ಇದ್ನಾ?"