ಅಕ್ಕಿ ಅಳೆದಂತೆ ನೆಟ್ಟು ಅಳೆದೆ

ಆಗ ನನಗೆ ಎಪ್ಪತ್ತೊಂದು. ಈಗ ಅದಕ್ಕೆ ಮೂರು ವರ್ಷ ಸೇರಿಸಿಕೊಳ್ಳಿ. ಓದಿದ್ದು ಮೂರನೇ ಕ್ಲಾಸು. ಆದರೆ ದಾವಣಗೆರೆಯ ನಮ್ಮ ಬಳಗದಲ್ಲಿ ಮದುವೆ ಅಡುಗೆಗೆ ಅಕ್ಕಿ ಅಳೆಯುವವಳು ನಾನೇ. ಒಂದು ಸೇರಿಗೆ ಎಷ್ಟು ಎಲೆ, ಬೀಗರ ಹೊಟ್ಟೆ ಎಷ್ಟು ದೊಡ್ಡದು, ಎಲ್ಲ ಬಾಯಿಲೆಕ್ಕ. ಒಮ್ಮೆಯೂ ಅನ್ನ ಕಡಿಮೆ ಬಿದ್ದಿಲ್ಲ. ಆ ಸೊಕ್ಕೇ ನನ್ನನ್ನು ಕೆಡಿಸಿತು.

ಮೊಮ್ಮಗಳು ಶಿಲ್ಪಾಳ ಮದುವೆ ಹರಿಹರದಲ್ಲಿ. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ನನ್ನ ಅಕ್ಕ ಗಂಗಮ್ಮ ಸೊಂಟ ಮುರಿದುಕೊಂಡು ಹದಡಿಯಲ್ಲಿ ಮಲಗಿದ್ದಳು. "ತಾಳಿ ಕಟ್ಟಾದು ಕಣ್ಣಾರೆ ನೋಡಿ ಅಕ್ಷತೆ ಹಾಕ್ತೀನಿ, ಆಮ್ಯಾಲೆ ತುತ್ತು" ಎಂದು ಹಟ. ಸರಿ, ಮೊಬೈಲಿಗೆ ಲೈವ್ ಕಳಿಸುವುದೆಂದಾಯಿತು.

ವಿಡಿಯೊದವನು ಲೆಕ್ಕ ಹೇಳಿದ: "ಚಿತ್ರ ಹೋಗಾಕೆ ನಾಲ್ಕು ಎಂಬಿಪಿಎಸ್ ಬೇಕ್ರಿ ಅಜ್ಜಿ. ಬರೀ ಧ್ವನಿಗಾದ್ರೆ ಚಿಟಿಕೆ ಸಾಕು. ಈ ಛತ್ರದ ವೈಫೈ ನೆಟ್ಟು ಹತ್ತು ಕಳಿಸ್ತೈತೆ."

ಎಂಬಿಪಿಎಸ್ ಎಂದರೇನೋ ಗೊತ್ತಿಲ್ಲ. ಬೇಕಾದ್ದು ನಾಲ್ಕು, ಇರುವುದು ಹತ್ತು ಎಂಬುದು ಗೊತ್ತಾಯಿತು. ಆರು ಮಿಕ್ಕಿತಲ್ಲ! ಮದುವೆಮನೆಯಲ್ಲಿ ಮಿಕ್ಕಿದ್ದನ್ನು ಮುಚ್ಚಿಡುವುದುಂಟೇ? ಪಾಸ್‌ವರ್ಡನ್ನು ದೊಡ್ಡದಾಗಿ ಬರೆಸಿ ಪಾನಕದ ಕೊಳಗದ ಪಕ್ಕ ತೂಗುಹಾಕಿಸಿದೆ.

"ಅಜ್ಜಿ, ಬ್ಯಾಡ್ರೀ!"

"ಬಂದೋರಿಗೆ ಇಲ್ಲ ಅನ್ನಾಕೆ ಆಗ್ತೈತೇನಪ್ಪ? ನೀನೂ ಬೇಕಾದಷ್ಟು ಹಾಕ್ಕೋ."

ಗಟ್ಟಿಮೇಳಕ್ಕೆ ಇಡೀ ಛತ್ರ ಎದ್ದು ನಿಂತಿತು, ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದರಲ್ಲಿ ಮೊಬೈಲು. ಒಬ್ಬೊಬ್ಬರೂ ತಮ್ಮ ಕಡೆಯವರಿಗೆ ಬೇರೆ ಬೇರೆ ಲೈವ್. ಕೊಂಡಜ್ಜಿ ಊರಿನ ಬೀಗರೊಬ್ಬರು ಎಮ್ಮೆ ನೋಡಿಕೊಳ್ಳಲು ಉಳಿದಿದ್ದ ತಮ್ಮನಿಗೆ ತೋರಿಸಿದರು. ಅವನು ಎಮ್ಮೆಗೂ ತೋರಿಸಿದ. ನನ್ನ ಪಕ್ಕದವಳು ಎರಡು ಕುರ್ಚಿ ಆಚೆಗಿದ್ದ ಗಂಡನಿಗೇ ತೋರಿಸುತ್ತಿದ್ದಳು.

ಊಟವಾಗಿ ಎಲೆ ಎತ್ತುವಾಗ ಹದಡಿಗೆ ಫೋನ್ ಮಾಡಿದೆ.

"ಅಕ್ಕಾ, ಉಂಡೇನು?"

"ಹೆಂಗೆ ಉಣ್ಲೇ? ಆ ಹುಡುಗ ಇನ್ನೂ ತಾಳಿ ಕೈಯಾಗೆ ಹಿಡ್ಕಂಡು ನಿಂತಾನೆ. ಮಕದ ಮ್ಯಾಲೆ ಒಂದು ಚಕ್ರ ಬ್ಯಾರೆ ತಿರುಗ್ತಾ ಐತೆ."

"ಕಟ್ಟಿ ಎರಡು ತಾಸಾತು! ವಾಲಗ ಕೇಳ್ಲಿಲ್ಲೇನು?"

"ಕೇಳ್ತು. ವಾಲಗಕ್ಕೆ ಅಕ್ಷತೆ ಹಾಕ್ಲೇನು? ಮೊದ್ಲು ಕಟ್ಟು ಅನ್ನು ಅವಂಗೆ. ಹುಡುಗಿ ಕತ್ತು ನೋಯ್ತೈತೆ."

ನನ್ನ ತಪ್ಪು ಆಗ ಹೊಳೆಯಿತು. ಅನ್ನಕ್ಕೆ ಪಂಕ್ತಿ ಉಂಟು. ಒಂದು ಏಳುವತನಕ ಇನ್ನೊಂದು ಕಾಯುತ್ತದೆ, ಅಷ್ಟರಲ್ಲಿ ಮತ್ತೆ ಎಸರಿಡಬಹುದು. ತಾಳಿಯ ಗಳಿಗೆಗೆ ಎಲ್ಲರೂ ಒಂದೇ ಪಂಕ್ತಿ. ನೆಟ್ಟು ಅಳೆಯುವವರು ಒಟ್ಟಿಗೆ ಕೈ ಚಾಚುವವರನ್ನು ಎಣಿಸಬೇಕು. ಮಿಕ್ಕಿದ್ದನ್ನು ನಾಚಿಕೆ ಬಿಟ್ಟು ಬಚ್ಚಿಡಬೇಕು. ನನ್ನ ಧಾರಾಳಕ್ಕೆ ಅಕ್ಕ ಆ ದಿನವೆಲ್ಲ ಹಾಲು ಕುಡಿದೇ ಕಳೆದಳು.

ಮರುದಿನ ಬೆಳಿಗ್ಗೆ ಮದುಮಕ್ಕಳನ್ನು ಆಟೋದಲ್ಲಿ ಹೇರಿಕೊಂಡು ಹದಡಿಗೆ ಹೋದೆ. ಹೊಸ್ತಿಲಲ್ಲೇ ಇಬ್ಬರ ಮೊಬೈಲೂ ಕಸಿದು ಸೆರಗಿಗೆ ಕಟ್ಟಿಕೊಂಡೆ. ಹುಡುಗ ಶಿಲ್ಪಾಳ ಕೊರಳ ತಾಳಿಯನ್ನು ಮುಟ್ಟಿ ತೋರಿಸಿದ. ಅಕ್ಕ ಅವನ ಮುಖದ ಮೇಲೆ ಚಕ್ರವಿಲ್ಲವೆಂದು ಖಾತ್ರಿ ಮಾಡಿಕೊಂಡು, ನಿನ್ನೆಯ ಒಣ ಅಕ್ಷತೆಯನ್ನು ಹಾಕಿದಳು. ನಾನು ಒಳಗೆ ಹೋಗಿ, ನಾಲ್ಕಕ್ಕೆ ಹತ್ತರ ಲೆಕ್ಕದಲ್ಲೇ ಅವಳ ಒಂದೇ ಎಲೆಗೆ ಎರಡೂವರೆ ಎಲೆಯ ಅಕ್ಕಿ ಅಳೆದು, ಮಿಕ್ಕಿದ್ದು ಯಾರ ಕಣ್ಣಿಗೂ ಬೀಳದಂತೆ ಬಾಗಿಲು ಮುಂದಕ್ಕೆಳೆದು, ಎಸರಿಟ್ಟೆ.