ನಡೆಯದ ಹತ್ತು ರೂಪಾಯಿ

ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ ಅದು. ಸಿರುಗುಪ್ಪದಲ್ಲಿ ಹತ್ತೊಂಬತ್ತು ವರ್ಷ ಗಣಿತ ಕಲಿಸಿದ ಮೇಲೆ ನನಗೆ ಕುರುಗೋಡಿನ ಸರ್ಕಾರಿ ಶಾಲೆಯೊಂದಕ್ಕೆ ವರ್ಗವಾಗಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ದಿನವೂ ಬಸ್ಸಿನ ಓಡಾಟ. ಜಗಳಗಂಟಿ ಎಂದು ಸ್ಟಾಫ್ ರೂಮಿನಲ್ಲಿ ನನಗೊಂದು ಹೆಸರಿತ್ತು. ಸುಳ್ಳೇನಲ್ಲ.

ನಾಲ್ಕನೆಯ ತರಗತಿಗೆ ಹಣದ ಪಾಠ ಬಂತು. ಕಾಗದದ ನೋಟು ಕತ್ತರಿಸಿ ಆಡಿಸುವುದು ನನಗೆ ಒಗ್ಗದು. ಅಂಗಡಿಗೆ ಹೋಗಿ ಏನಾದರೂ ಕೊಳ್ಳಿ, ಕೊಟ್ಟದ್ದೆಷ್ಟು, ಚಿಲ್ಲರೆ ಬಂದದ್ದೆಷ್ಟು ಬರೆದು ತನ್ನಿ ಎಂದೆ. "ಹತ್ತು ರೂಪಾಯಿ ಬಿಲ್ಲಿ ನಡಿತಾವೇನ್ರಿ ಟೀಚರ್?" ಎಂದು ಮುಬೀನಾ ಕೇಳಿದಳು. ಪ್ರಶ್ನೆ ಸರಿಯೇ. ಆ ನಾಣ್ಯ ಖೋಟಾ ಎಂಬ ಗಾಳಿಮಾತು ನಂಬಿ ನಮ್ಮ ಕಡೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳ ತಾಯಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸದವಳು; ಕೈಗೆ ಬಂದು ಉಳಿದ ನಾಣ್ಯಗಳನ್ನು ಮಗಳ ಡಬ್ಬಿಗೆ ಹಾಕುತ್ತಿದ್ದಳು.

ಅದು ಲೀಗಲ್ ಟೆಂಡರ್, ಅಂದರೆ ಸರ್ಕಾರವೇ ಚಲಾವಣೆಗೆ ಬಿಟ್ಟ ಹಣ, ಬೇಡ ಎನ್ನಲು ಯಾರಿಗೂ ಹಕ್ಕಿಲ್ಲ ಎಂದು ಬೋರ್ಡ್ ಕುಟ್ಟಿ ಹೇಳಿದೆ.

ಹುಡುಗಿ ನಂಬಿದಳು. ಏಳು ನಾಣ್ಯ ಹಿಡಿದು ಶಾಲೆಯೆದುರಿನ ವೀರೇಶಪ್ಪನ ಅಂಗಡಿಗೆ ಕಂಪಾಸ್ ಬಾಕ್ಸ್ ಕೊಳ್ಳಲು ಹೋದಳು. ಆತ ನಾಣ್ಯಗಳನ್ನು ರಸ್ತೆಗೆಸೆದ. "ಎಲ್ಲಿ ಕದ್ದು ತಂದೀಲೇ ಇವನ್ನ?" ಎಂದ. ಸುತ್ತ ಇದ್ದ ಮಕ್ಕಳಿಗೆ ಅಷ್ಟು ಸಾಕಾಯಿತು. ಮರುದಿನ ತರಗತಿಯೆಲ್ಲ ಅವಳನ್ನು ಕಳ್ಳಿ ಎಂದಿತು. ಮೂರು ದಿನ ಮುಬೀನಾ ಶಾಲೆಗೆ ಬರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ನಾಲ್ಕನೆಯ ದಿನ ಅವಳ ಮನೆಗೆ ಹೋಗಿ, ಅವಳು ರಸ್ತೆಯಿಂದ ಆಯ್ದುಕೊಂಡಿದ್ದ ನಾಣ್ಯಗಳ ಸಮೇತ ಕೈಹಿಡಿದು ನೇರ ಅಂಗಡಿಗೆ ಕರೆತಂದೆ.

"ಏನ್ರಿ ವೀರೇಶಪ್ಪ, ಸರ್ಕಾರದ ರೊಕ್ಕ ರಸ್ತೆಕ್ಕ ಒಗಿಯಾಕ ನೀವ್ಯಾರು? ಪೊಲೀಸರನ್ನ ಕರಿಲೇನು?"

ಆತ ಹಲ್ಲು ಕಡಿದು ಏಳೂ ನಾಣ್ಯ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ. ಕಂಪಾಸ್ ಬಾಕ್ಸನ್ನು ಹುಡುಗಿಯ ಮುಂದೆ ಕುಕ್ಕಿದ. ಗೆದ್ದ ಹುಮ್ಮಸ್ಸಿನಲ್ಲಿ ನಾನೂ ಮೂವತ್ತು ರೂಪಾಯಿಯ ಪೆನ್ನು ತೆಗೆದುಕೊಂಡು ನೂರರ ನೋಟು ಕೊಟ್ಟೆ. ಆತ ಅದೇ ಏಳು ನಾಣ್ಯಗಳನ್ನು ನನ್ನ ಅಂಗೈಗೆ ಸುರಿದ.

ನನ್ನ ಬಾಯಿಂದ ಏನು ಬರಬೇಕು? "ನೋಟು ಇಲ್ಲೇನ್ರಿ? ಇವನ್ನ ಬಳ್ಳಾರ್ಯಾಗ ಆಟೋದವ್ರು ತಗೊಳಂಗಿಲ್ಲ."

ವೀರೇಶಪ್ಪ ಹುಡುಗಿಯ ಕಡೆ ತಿರುಗಿ ಅಂಗಡಿ ಅದುರುವಂತೆ ನಕ್ಕ. "ಕೇಳಿದೇನವಾ? ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ!"

ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅವನು ಅಂದದ್ದು ನಿಜವಾಗಿತ್ತು. ಮುಬೀನಾ ಬಾಕ್ಸನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ನನ್ನ ಅಂಗೈಯಿಂದ ತನ್ನ ನಾಣ್ಯ ಎತ್ತಿಕೊಂಡು ಹೊರಟುಹೋದಳು. ವೀರೇಶಪ್ಪ ಬಾಕ್ಸನ್ನು ಒಳಗಿಟ್ಟು, ನನ್ನ ಮುಂದೆ ಎಪ್ಪತ್ತು ರೂಪಾಯಿಯ ನೋಟುಗಳನ್ನು ಎಸೆದ. ಅಷ್ಟು ಸಣ್ಣವಳಾಗಿ ನಾನು ಯಾವತ್ತೂ ನಿಂತಿರಲಿಲ್ಲ.

ಮರುದಿನ ಅವಳನ್ನು ಮತ್ತೆ ಮನೆಯಿಂದ ಕರೆತಂದು, ತರಗತಿಯ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಇವಳು ಕಳ್ಳಿಯಲ್ಲ, ತಪ್ಪು ನನ್ನದು ಎಂದೆ. ಮುಬೀನಾ ಎದ್ದು ಬಂದು ಏಳು ನಾಣ್ಯಗಳನ್ನು ನನ್ನ ಮೇಜಿನ ಮೇಲಿಟ್ಟಳು.

"ನೀವ ನಡಸಿ ಬರ್ರಿ ಟೀಚರ್. ಆಮ್ಯಾಲ ನಾ ನಂಬತೀನಿ."

ಒಂಬತ್ತು ದಿನ ಹಿಡಿಯಿತು. ಆಟೋದವನು ನನ್ನನ್ನು ನಡುದಾರಿಯಲ್ಲಿ ಇಳಿಸಿದ. ಸೊಪ್ಪಿನವಳು ಕೊಟ್ಟ ಕಟ್ಟನ್ನು ಕಿತ್ತುಕೊಂಡಳು. ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಚಹಾದವನ ಜೊತೆ ಆದ ಜಗಳಕ್ಕೆ ಜನ ಸೇರಿದರು. ಪ್ರತಿ ಬೆಳಿಗ್ಗೆ ಎಷ್ಟು ನಡೆದವು, ಎಷ್ಟು ಉಳಿದವು ಎಂದು ಬೋರ್ಡಿನ ಮೇಲೆ ಬರೆದೆ. ಅದೇ ಆ ವರ್ಷದ ಹಣದ ಪಾಠವಾಯಿತು. ಕೊನೆಯ ನಾಣ್ಯವನ್ನು ತೆಗೆದುಕೊಂಡವನು ವೀರೇಶಪ್ಪನೇ, ಬೈಯುತ್ತಲೇ. ಏಳರ ಬದಲಿಗೆ ಏಳು ಹತ್ತರ ನೋಟುಗಳನ್ನು ಮುಬೀನಾಳ ಮುಂದೆ ಹಿಡಿದೆ.

ಅವಳು ತಲೆಯಾಡಿಸಿದಳು. "ನೋಟು ಬ್ಯಾಡ್ರಿ. ಬಿಲ್ಲೀನ ಕೊಡ್ರಿ, ಈಗ ನಡಿತಾವಲ್ಲ."

ಮಕ್ಕಳಿಗೆ ಹಣ ಕಲಿಸುವವರು ಮೊದಲು ತಮ್ಮ ಅಂಗೈ ಚಾಚಬೇಕು. ಬೋರ್ಡಿನ ಮೇಲೆ ನಾನು ಕಲಿಸಿದ್ದಕ್ಕಿಂತ ಹೆಚ್ಚನ್ನು ಆ ಹುಡುಗಿ ಅಂಗಡಿಕಟ್ಟೆಯ ಮುಂದೆ ಕಲಿತಿದ್ದಳು.